ಊರು ಬಿಡದ ಬೀಗತಿ

ಆಕೆ ಊರು ಬಿಟ್ಟು ಹೋದಳು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನ್ನ ಸಂಶೋಧನೆ ಮುಗಿಯುತ್ತಿತ್ತು, ಹೆಸರಿನ ಮುಂದೆ ಡಾಕ್ಟರ್ ಎಂದು ಬರುತ್ತಿತ್ತು, ವಿದ್ಯಾನಗರದ ನಮ್ಮ ನರ್ಸಿಂಗ್ ಕಾಲೇಜಿನವರು ಹಾರ ಹಾಕಿ ಪೇಢೆ ಹಂಚುತ್ತಿದ್ದರು. ಆದರೆ ಆಕೆ ಊರು ಬಿಟ್ಟಿರಲಿಲ್ಲ. ಹಳ್ಳಿಯ ಕೆಳಗಿನ ಓಣಿಯಲ್ಲಿ, ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತ, ಹೋಗಿ ಬರುವವರನ್ನೆಲ್ಲ ಮಾತನಾಡಿಸುತ್ತ ಗಟ್ಟಿಯಾಗಿದ್ದಳು. ಕಣ್ಣೆದುರಿಗೆ ಇರುವ ಹೆಂಗಸನ್ನು ಇಲ್ಲ ಎಂದು ಬರೆಯಲು ನನ್ನ ಬುದ್ಧಿಗೇನು ಮಂಕು ಕವಿದಿತ್ತೇ? ಬರೆಯಲಿಲ್ಲ. ಬರೆಯದ ಆ ಒಂದು ಸಾಲಿನಿಂದ ಏನೇನಾಯಿತು ಎಂಬುದನ್ನು ಹೇಳುತ್ತೇನೆ.

ನಾನು ನರ್ಸು. ಅರ್ಧ ಆಯುಷ್ಯ ವಾರ್ಡಿನಲ್ಲಿ ಓಡಾಡಿ, ಮೊಣಕಾಲು ಇನ್ನು ಸಾಕು ಎಂದ ಮೇಲೆ ಕಲಿಸುವ ಕೆಲಸಕ್ಕೆ ಬಂದವಳು. ಐವತ್ತರ ಅಂಚಿನಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿದಾಗ ರಾಯಾಪುರದಲ್ಲಿ ನಮ್ಮ ಪಕ್ಕದ ಮನೆಯವರು, "ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ್ರಿ ಅಕ್ಕಾರ? ಆರಾಮ ಕುಂಡ್ರಬಾರದೇನ್ರಿ?" ಎಂದರು. ಸುಮ್ಮನೆ ಕುಳಿತರೆ ನನಗೆ ಆರಾಮ ಇರುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು. ವಿಷಯ ಯಾವುದು ಎಂದು ಕೇಳಿದ ಮೇಲಂತೂ ನಕ್ಕವರೇ ಹೆಚ್ಚು. ಸಕ್ಕರೆ ಕಾಯಿಲೆ, ಬಿಪಿ, ಇಂಥ ಜನ್ಮಕ್ಕಂಟಿದ ರೋಗ ಇರುವವರಿಗೆ ನರ್ಸೊಬ್ಬಳು ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿದರೆ ರೋಗ ಹಿಡಿತದಲ್ಲಿ ಉಳಿಯುತ್ತದೆಯೇ ಎಂದು ನೋಡುವುದು ನನ್ನ ವಿಷಯ. ಒಬ್ಬ ಹಿರಿಯ ಡಾಕ್ಟರು ಚಹಾ ಕುಡಿಯುತ್ತ, "ಫೋನ್ ಹಚ್ಚಿ ಊಟ ಆತೇನ್ರಿ ಅಂತ ಕೇಳೂದಕ್ಕೂ ಈಗ ಪಿಎಚ್‌ಡಿ ಕೊಡ್ತಾರೇನು?" ಎಂದು ಕೇಳಿದರು.

"ಹೌದ್ರಿ ಸರ್. ಊಟ ಆತೇನು ಅಂತ ಯಾರೂ ಕೇಳದ್ದಕ್ಕ ಮಂದಿ ಕಾಲು ಕಳಕೊಳ್ಳಾಕತ್ತಾರ," ಎಂದೆ. ಅವರು ಕಪ್ಪು ಕೆಳಗಿಟ್ಟು ಎದ್ದು ಹೋದರು.

ಬರೀ ಸಿಟ್ಟಿನಿಂದ ಆಡಿದ ಮಾತಲ್ಲ ಅದು. ವಾರ್ಡಿನಲ್ಲಿ ನಾನು ಕಂಡದ್ದೇ ಹಾಗೆ. ಹಳ್ಳಿಯಿಂದ ಬರುತ್ತಾರೆ, ಕಾಲ ಬೆರಳು ಕಪ್ಪಾಗಿರುತ್ತದೆ. ಡ್ರೆಸಿಂಗ್ ಮಾಡುತ್ತೇವೆ, ಗುಳಿಗೆ ಕೊಡುತ್ತೇವೆ, ಪಥ್ಯದ ಪಾಠ ಗಿಳಿಯಂತೆ ಒಪ್ಪಿಸುತ್ತೇವೆ. ಬಾಗಿಲು ದಾಟಿದ ಮೇಲೆ ಅವರು ಯಾರೋ, ನಾವು ಯಾರೋ. ಮತ್ತೆ ಅವರ ಮುಖ ಕಾಣುವುದು ಇನ್ನೊಂದು ಬೆರಳು ಕಪ್ಪಾದ ಮೇಲೆ. ನಡುವಿನ ದಿನಗಳಲ್ಲಿ ಅವರ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎಂಬುದು ದವಾಖಾನೆಗೆ ಬೇಕಾಗಿಲ್ಲ. ಇಂಥ ರೋಗ ಬೆಳೆಯುವುದೇ ಆ ನಡುವಿನ ದಿನಗಳಲ್ಲಿ ಅಲ್ಲವೇ? ಅಲ್ಲಿ ಹೋಗಿ ದಿನಾ ಕೂಡ್ರಲು ನರ್ಸಿಗೆ ಆಗುವುದಿಲ್ಲ, ಫೋನಿಗಾದರೆ ಆಗುತ್ತದೆ. ನಾನು ಹಿಡಿದ ಎಳೆ ಇಷ್ಟೇ.

ಹುಬ್ಬಳ್ಳಿ ತಾಲೂಕಿನ ಒಂದು ಎರೆಮಣ್ಣಿನ ಊರನ್ನು ಆಯ್ದುಕೊಂಡೆ. ಹೆಸರು ಬೇಡ. ಊರಿಗೆ ಎರಡು ದೊಡ್ಡ ಓಣಿ, ಮೇಲಿನದು ಮತ್ತು ಕೆಳಗಿನದು. ನನಗೆ ಗೈಡ್ ಆಗಿದ್ದವರು ಧಾರವಾಡದವರು, ತಲೆತಲಾಂತರದಿಂದ ಮಾಸ್ತರಿಕೆ ಮಾಡಿದ ಮನೆತನ, ಮೃದು ಮಾತು, ಸದಾ ಇಸ್ತ್ರಿ ಮಾಡಿದ ಅಂಗಿ. ಪದ್ಧತಿ ಹಾಕಿಕೊಟ್ಟವರು ಅವರೇ. ಮೇಲಿನ ಓಣಿಯ ರೋಗಿಗಳಿಗೆ ವಾರ ವಾರ ನನ್ನ ಫೋನು. ಕೆಳಗಿನ ಓಣಿಯವರಿಗೆ ಫೋನಿಲ್ಲ, ಊರ ಸರ್ಕಾರಿ ದವಾಖಾನೆಯಲ್ಲಿ ಮೊದಲಿನಿಂದ ಸಿಗುವುದು ಸಿಗುತ್ತಿರಲಿ. ವರ್ಷದ ಕೊನೆಗೆ ಎರಡೂ ಓಣಿಯವರ ರಕ್ತ ಪರೀಕ್ಷೆ ಮಾಡಿ ಹೋಲಿಸಿದರೆ ಫೋನಿನಿಂದ ಲಾಭವಾಯಿತೋ ಇಲ್ಲವೋ ತಿಳಿಯುತ್ತದೆ.

"ಎರಡೂ ಓಣಿ ಬೆರೀಬಾರದು ನೋಡ್ರಿ," ಎಂದು ಅವರು ಒತ್ತಿ ಹೇಳಿದರು. "ಒಂದರ ಗಾಳಿ ಇನ್ನೊಂದಕ್ಕ ತಾಕಬಾರದು."

ನನಗೆ ನಗು ತಡೆಯಲಾಗಲಿಲ್ಲ. "ಸರ್, ಮ್ಯಾಲಿನ ಓಣ್ಯಾಗ ಒಗ್ಗರಣಿ ಹಾಕಿದ್ರ ಕೆಳಗಿನ ಓಣ್ಯಾಗ ಸೀನತಾರ್ರಿ."

"ಅದನ್ನ ನೀವ ನೋಡ್ಕೋಬೇಕು," ಎಂದರು.

ಮೇಲಿನ ಓಣಿಯಲ್ಲಿ ನನಗೆ ಸಿಕ್ಕವರೊಳಗೆ ಜೋರು ಬಾಯಿಯವಳು ಒಬ್ಬಳು. ನಾನು ಆಕೆಯನ್ನು ಅವ್ವ ಎನ್ನುತ್ತಿದ್ದೆ. ಹೊಲ ಮನೆ ಇದ್ದ ಹೆಂಗಸು, ಹಣೆ ತುಂಬ ವಿಭೂತಿ, ಮೈಯಲ್ಲಿ ಸದಾ ಸಕ್ಕರೆ ಕಾಯಿಲೆಯ ಸುಸ್ತು. ಆಕೆಯ ಮಗಳನ್ನು ಕೊಟ್ಟದ್ದು ಅದೇ ಊರಿನ ಕೆಳಗಿನ ಓಣಿಗೆ. ಆ ಮಗಳ ಅತ್ತೆಗೂ, ಅಂದರೆ ಅವ್ವನ ಬೀಗತಿಗೂ, ಅದೇ ಕಾಯಿಲೆ. ಬೀಗತಿಯೂ ನನ್ನ ಸಂಶೋಧನೆಯಲ್ಲಿ ಇದ್ದಳು, ಆದರೆ ಫೋನಿಲ್ಲದ ಓಣಿಯಲ್ಲಿ. ಬೀಗತಿಯರೊಳಗೆ ಒಬ್ಬಳಿಗೆ ಫೋನು, ಇನ್ನೊಬ್ಬಳಿಗೆ ಇಲ್ಲ. ನಮ್ಮ ಕಡೆ ಇಂಥದ್ದನ್ನು ಬುದ್ಧಿ ಇದ್ದವರು ಮಾಡುವುದಿಲ್ಲ. ಬೀಗರ ಪಂಕ್ತಿಯಲ್ಲಿ ಒಂದು ಎಲೆಗೆ ಹೋಳಿಗೆ ಹಾಕಿ ಪಕ್ಕದ ಎಲೆ ಬಿಟ್ಟರೆ ಮದುವೆ ಮನೆಯಲ್ಲಿ ಜಗಳವೇ ಏಳುತ್ತದೆ. ಪದ್ಧತಿಗೆ ಇದೆಲ್ಲ ಎಲ್ಲಿ ಗೊತ್ತು.

ಮೊದಲ ವಾರ ಫೋನ್ ಹಚ್ಚಿ, "ಅವ್ವ, ಆರಾಮರಿ?" ಎಂದೆ.

"ಆರಾಮ ಅದೇವ್ರಿ ಬಾಯಾರ. ನೀವು ಆರಾಮರಿ? ನಿಮ್ಮ ಮನ್ಯಾಗ ಎಲ್ಲಾರೂ ಆರಾಮರಿ? ನಿಮ್ಮ ಕಡೆ ಮಳಿ ಹೆಂಗೈತ್ರಿ?"

ನನ್ನ ಕ್ಷೇಮ ಸಮಾಚಾರವೆಲ್ಲ ಆಕೆ ತೆಗೆದುಕೊಂಡು ಮುಗಿಸಿದ ಮೇಲೆ ನನ್ನ ಸರದಿ ಬಂತು. "ಗುಳಿಗಿ ತಪ್ಪದಂಗ ತಗೊಂಡೀರೇನ್ರಿ?"

"ತಗೊಂಡೇನ್ರಿ."

ಹಿಂದಿನಿಂದ ಇನ್ನೊಂದು ದನಿ ಬಂತು. "ತಗೊಂಡಿಲ್ರಿ ಬಾಯಾರ. ನಿನ್ನಿ ಮರತಾಳ."

"ಯಾರ್ರಿ ಅವರು?"

"ನಮ್ಮ ಬೀಗತಿ ರಿ. ನಿಮ್ಮ ಫೋನ್ ಬರತೈತಿ ಅಂತ ಮುಂಜಾನಿಂದ ಬಂದು ಕುಂತಾಳ."

ಫೋನನ್ನು ಆಕೆ ಸ್ಪೀಕರಿಗೆ ಹಾಕಿ ಹೊಸ್ತಿಲ ಮೇಲೆ ಇಟ್ಟಿದ್ದಳು. ಇದು ನಿಮ್ಮೊಬ್ಬರದೇ ಫೋನು, ಬೇರೆಯವರು ಕೇಳಬಾರದು ಎಂದು ನಾನು ಆದಷ್ಟು ನಯವಾಗಿ ಹೇಳಿದೆ. "ಅದೆಂಗ್ರಿ? ಕುಂತಾಕಿನ್ನ ಏಳು ಅನ್ನಾಕ ಬರತೈತೇನು?" ಎಂದು ಅವ್ವ ನನ್ನನ್ನೇ ಕೇಳಿದಳು. ಮುಂದಿನ ವಾರ, "ಇವತ್ತ ಯಾರೂ ಇಲ್ರಿ, ನಾ ಒಬ್ಬಾಕೀನ ಅದೇನಿ," ಎಂದು ತಾನಾಗಿ ಹೇಳಿದಳು. ಹಿಂದೆ ಯಾರೋ ಕೆಮ್ಮಿದರು. ಬೀಗತಿಯ ಕೆಮ್ಮು ನನಗೆ ಅಷ್ಟರಲ್ಲಿ ಪರಿಚಯವಾಗಿತ್ತು. ಗೈಡ್ ಸರ್‌ಗೆ ಇದನ್ನೂ ಹೇಳಿದೆ. ಅವರು, "ಮುಂದ ಹಂಗಾಗಲಾರದಂಗ ನೋಡ್ರಿ," ಎಂದು ತಮ್ಮ ಕೆಲಸಕ್ಕೆ ಹೊರಳಿದರು.

ಆದರೂ ಅವ್ವನಲ್ಲಿ ಗುಣ ಕಾಣುತ್ತಿತ್ತು. ಬೆಲ್ಲದ ಚಹಾ ಬಿಟ್ಟಳು, "ಜೀವನಾನ ಸಪ್ಪಗಾತ್ರಿ," ಎಂದು ನನ್ನನ್ನು ಬೈಯುತ್ತಲೇ ಬಿಟ್ಟಳು. ಬೆಲ್ಲ ಮುಟ್ಟಬೇಡಿ ಎಂದು ನಾನು ಪ್ರತಿ ವಾರ ಹೇಳುತ್ತಿದ್ದೆ. ದಿನಾ ಅಂಗಾಲು ನೋಡಿಕೊಳ್ಳಲು ಕಲಿತಳು. ಸುಸ್ತು ಇಳಿಯದ್ದು ನೋಡಿ ನಾನು ಊರ ದವಾಖಾನೆಗೆ ಕಳಿಸಿದೆ. ಅಲ್ಲಿಯ ಡಾಕ್ಟರು ಹಳೆಯ ಗುಳಿಗೆ ಬಿಡಿಸಿ ಇನ್ನೂ ಜೋರಿನದೊಂದನ್ನು ಬರೆದರು. ಕೆಲವೇ ದಿನಗಳಲ್ಲಿ ಅವ್ವ, "ಮೈ ಹಗುರಾಗೈತ್ರಿ, ಹತ್ತು ವರ್ಷ ಸಣ್ಣಾಕಿ ಆಗೇನಿ," ಎಂದಳು. ನಾನು ಹಿಗ್ಗಿದೆ. ಯಾರು ಹಿಗ್ಗುವುದಿಲ್ಲ?

ಶ್ರಾವಣ ಬಂತು. ಪಂಚಮಿಗೆ ಮೊದಲು ನಮ್ಮ ಕಡೆ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ತುಂಬಿದ ಬದನೆಕಾಯಿ, ಕಾಳಿನ ಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಲ್ಲವನ್ನೂ ತಾಟಿನಲ್ಲಿ ಇಟ್ಟು, ಮೇಲೆ ವಸ್ತ್ರ ಮುಚ್ಚಿ ಮನೆಯಿಂದ ಮನೆಗೆ ಕಳಿಸುತ್ತಾರೆ. ಮೊದಲ ತಾಟು ಬೀಗರ ಮನೆಗೆ. ಬಂದದ್ದನ್ನು ಬೇಡ ಎನ್ನುವಂತಿಲ್ಲ, ತಾಟನ್ನು ಬರಿದಾಗಿ ತಿರುಗಿ ಕಳಿಸುವಂತಿಲ್ಲ. ಆ ವರ್ಷ ಅವ್ವನ ಮನೆಯಿಂದ ಕೆಳಗಿನ ಓಣಿಗೆ ಹೋದ ತಾಟಿನ ವಸ್ತ್ರದ ತುದಿಗೆ ಒಂದು ಸಣ್ಣ ಗಂಟು ಇತ್ತು. ಅದರಲ್ಲಿ ಅವ್ವನ ಹೊಸ ಗುಳಿಗೆಗಳಿದ್ದವು. ನನಗೆ ಇದು ಗೊತ್ತಾದದ್ದು ಎಲ್ಲ ನಡೆದ ಮೇಲೆ.

ಹಬ್ಬ ಮುಗಿದ ಮೇಲಿನ ಸೋಮವಾರ. ಶ್ರಾವಣ ಸೋಮವಾರ ಆ ಊರಿನ ಹೆಂಗಸರೆಲ್ಲ ಉಪವಾಸ ಇರುತ್ತಾರೆ, ಸಂಜೆ ಪೂಜೆಯಾದ ಮೇಲೆಯೇ ಬಾಯಿಗೆ ಅನ್ನ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬೇಡಿ ಎಂದು ಅವ್ವನಿಗೆ ಹಿಂದಿನ ವಾರವೇ ಹೇಳಿ ಒಪ್ಪಿಸಿದ್ದೆ. ಮಾಡಿಲ್ಲ ತಾನೇ ಎಂದು ಕೇಳಲು ಮಧ್ಯಾಹ್ನ ಕಾಲೇಜಿನಿಂದ ಫೋನ್ ಹಚ್ಚಿದೆ. ಎತ್ತಿದಳು, ಆದರೆ ಆರಾಮರಿ ಎಂಬ ಮಾತು ಬರಲಿಲ್ಲ. ಹಿಂದೆ ಹತ್ತಾರು ದನಿಗಳ ಗದ್ದಲ.

"ಬಾಯಾರ, ನಾ ಬೀಗತಿ ಮನ್ಯಾಗ ಅದೇನ್ರಿ. ಅಕಿ ಹೆಂಗೆಂಗೋ ಮಾಡಾಕತ್ತಾಳ."

"ಹೆಂಗೆಂಗೋ ಅಂದ್ರ?"

"ಮೈಯೆಲ್ಲಾ ಬೆವರು ಕಿತ್ತೈತ್ರಿ. ಕೈ ಥರಥರ ನಡಗಾಕತ್ತಾವ. ಸೊಸಿ ಗುರತ ಸಿಗವಲ್ದು ಅಕಿಗೆ, ಏನೇನೋ ಬಡಬಡಸತಾಳ. ಮಂದಿ ಗಾಳಿ ಬಡದೈತಿ ಅಂತ ನಿಂಬಿಹಣ್ಣು ತರಾಕ ಹೋಗ್ಯಾರ."

ನನಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. ಆ ಬೆವರನ್ನು ವಾರ್ಡಿನಲ್ಲಿ ಎಷ್ಟು ಜನರ ಹಣೆಯಿಂದ ಒರೆಸಿಲ್ಲ. ರಕ್ತದಲ್ಲಿ ಸಕ್ಕರೆ ತೀರ ಕೆಳಗಿಳಿದಿತ್ತು. ಕೂಡಲೇ ಏರಿಸದಿದ್ದರೆ ಎಚ್ಚರ ತಪ್ಪುತ್ತದೆ, ಆಮೇಲೆ ಜೀವವೇ ಹೋಗಬಹುದು. ಫೋನಿಲ್ಲದ ಓಣಿಯವರಿಗೆ ನಾನು ಸಲಹೆ ಕೊಡಬಾರದು ಎಂಬ ಪ‌ದ್ಧತಿ ಆಗ ನೆನಪಿಗೆ ಬಂತು. ಬಂದದ್ದನ್ನು ಒದ್ದು ಆಚೆ ತಳ್ಳಿದೆ.

"ಬೆಲ್ಲ ಕೊಡ್ರಿ ಅಕಿಗೆ. ಇಲ್ಲಂದ್ರ ಸಕ್ರಿ. ಲಗೂನ ಕೊಡ್ರಿ."

"ಬೆಲ್ಲಾರಿ?" ಎಂದಳು ಅವ್ವ. "ಬೆಲ್ಲ ಮುಟ್ಟಬ್ಯಾಡ್ರಿ ಅಂತ ವಾರ ವಾರ ನೀವ ಹೇಳಿದ್ರೆಲ್ಲರಿ. ಸಕ್ರಿ ಬ್ಯಾನಿ ಇದ್ದಾಕಿಗೆ ಬೆಲ್ಲ ಕೊಟ್ರ ಸಾಯೂದಿಲ್ಲೇನ್ರಿ?"

"ಈಗ ಕೊಡಲಿಲ್ಲಂದ್ರ ಸಾಯ್ತಾಳ."

ಯಾವುದೋ ಮುದುಕಿಯ ದನಿ ನಡುವೆ ಬಂತು. "ಉಪಾಸ ಐತಿ ಅಕಿದು. ಶಿವನ ವಾರ. ಸಂಜಿತನಕ ಬಾಯಾಗ ಏನೂ ಹಾಕಂಗಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. "ಶಿವಗ ನಾ ಹೇಳ್ಕೋತೇನಿ. ಪಾಪ ಬಂದ್ರ ನನ್ನ ತಲಿಮ್ಯಾಲ ಬರ್ಲಿ. ಅವ್ವ, ನೀವು ಕೇಳ್ರಿ ಇಲ್ಲೆ. ಅಕಿಗೆ ನುಂಗಾಕ ಬರತೈತೇನು ನೋಡ್ರಿ. ಎಬ್ಬಿಸಿ ಕುಂದರಸ್ರಿ. ನೀರಾಗ ಸಕ್ರಿ ಕದಡಿ ಒಂದೊಂದ ಗುಟುಕ ಹಾಕ್ರಿ. ಮಲಗಿಸಿ ಹಾಕಬ್ಯಾಡ್ರಿ, ಉಸಿರಿನ್ಯಾಗ ಹೋಗತೈತಿ."

ಅವ್ವ ಮತ್ತೆ ಪ್ರಶ್ನೆ ಕೇಳಲಿಲ್ಲ. ಫೋನನ್ನು ಎಲ್ಲೋ ಇಟ್ಟಳು. "ಏ, ಸರೀರಿ ಎಲ್ಲಾರೂ" ಎಂದು ಆಕೆ ಬೈದದ್ದು, ಡಬ್ಬಿಯ ಮುಚ್ಚಳ ಬಿದ್ದದ್ದು, ಲೋಟದಲ್ಲಿ ಚಮಚ ಆಡಿದ್ದು ಒಂದೊಂದಾಗಿ ಕೇಳಿತು. ಪಕ್ಕದಲ್ಲಿದ್ದ ಸಹೋದ್ಯೋಗಿಗೆ ಅಂಬುಲೆನ್ಸಿಗೆ ಫೋನ್ ಮಾಡಲು ಕೈಸನ್ನೆ ಮಾಡಿ, ನಾನು ಗೋಡೆಗೆ ಒರಗಿ ನಿಂತೆ. ಎಷ್ಟೋ ಮೈಲಿ ದೂರದ ರೋಗಿಯ ಮುಂದೆ ನರ್ಸಿನ ಕೈ ಇದ್ದೂ ಇಲ್ಲದಂತೆ. ಆ ಹೊತ್ತು ನನ್ನ ಕೈಗಳ ಮೇಲೇ ನನಗೆ ಸಿಟ್ಟು ಬಂತು.

ಕೊನೆಗೆ ಒಂದು ಸೋತ ದನಿ ಕೇಳಿತು. "ಯಾರದು ನನ್ನ ಬಾಯಾಗ ಸಕ್ರಿ ಹಾಕಿದಾಕಿ? ನನ್ನ ಉಪಾಸ ಕೆಡಿಸಿದಿ?"

"ನಾನ ಹಾಕೇನಿ. ಏನ್ ಮಾಡ್ತಿ?" ಎಂದಳು ಅವ್ವ, ಮತ್ತು ಗೊಳೋ ಎಂದು ಅತ್ತಳು. ಈ ಕಡೆ ನಾನೂ ಅತ್ತೆ.

ಅತ್ತು ಕಣ್ಣೊರೆಸಿಕೊಂಡು ಮತ್ತೆ ಹೇಳಿದೆ. ಅಂಬುಲೆನ್ಸ್ ಬರುತ್ತದೆ, ಬೀಗತಿಯನ್ನು ಹುಬ್ಬಳ್ಳಿಗೆ ಕರೆತನ್ನಿ, ಏರಿದ ಸಕ್ಕರೆ ಮತ್ತೆ ಇಳಿಯಬಹುದು, ಡಾಕ್ಟರು ನೋಡುವವರೆಗೆ ಯಾವ ಗುಳಿಗೆಯನ್ನೂ ಬಾಯಿಗೆ ಹಾಕಬೇಡಿ. ದವಾಖಾನೆಯಲ್ಲಿ ಬೀಗತಿಗೆ ಸಲಾಯಿನ್ ಹಚ್ಚಿದ ಮೇಲೆ ಅವ್ವನನ್ನು ಹೊರಗೆ ಕರೆದು ಏನೇನು ನುಂಗಿದ್ದಳು ಎಂದು ಕೇಳಿದೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಆಮೇಲೆ ರೊಟ್ಟಿ ತಾಟಿನ ಗಂಟಿನ ಕತೆ ಹೊರಬಂತು.

"ನನಗ ಛಲೋ ಹತ್ತಿದ್ವು ಆ ಗುಳಿಗಿ. ನಾ ಒಬ್ಬಾಕೀನ ತಿಂದು ಗುಣ ಆಗೂದು, ಬೀಗತಿ ಹಳೇವು ನುಂಗಿ ನರಳೂದು ಅಂದ್ರ ಹೆಂಗ್ರಿ? ಅದಕ್ಕ ಅರ್ಧ ಕಟ್ಟಿ ಕಳಿಸಿದೆ."

ಬೀಗತಿ ತನ್ನ ಹಳೆಯ ಗುಳಿಗೆಯನ್ನೂ ಬಿಡದೆ, ಬೀಗರ ಮನೆಯ ಹೊಸ ಗುಳಿಗೆಯನ್ನೂ ಬಿಡದೆ, ಖಾಲಿ ಹೊಟ್ಟೆಯಲ್ಲಿ ಎರಡನ್ನೂ ನುಂಗಿದ್ದಳು. "ಗುಳಿಗಿ ಅಂದ್ರ ಪ್ರಸಾದ ಅಲ್ರಿ ಅವ್ವ, ಹಂಚಾಕ," ಎಂದು ನಾನು ಆಸ್ಪತ್ರೆಯ ಪಡಸಾಲೆ ಕೇಳುವಂತೆ ಬೈದೆ. ಆಕೆ ತಲೆ ಬಗ್ಗಿಸಿ ಬೈಸಿಕೊಂಡಳು, ನನಗೆ ಇನ್ನಷ್ಟು ಸಂಕಟವಾಯಿತು. ವಿಷ ಕೊಟ್ಟವಳಲ್ಲ ಆಕೆ, ತನಗೆ ದಕ್ಕಿದ ಒಳ್ಳೆಯದರಲ್ಲಿ ಅರ್ಧ ಕೊಟ್ಟವಳು. ಎರಡು ದಿನಕ್ಕೆ ಬೀಗತಿ ಚೇತರಿಸಿಕೊಂಡು ಮನೆಗೆ ಹೋದಳು.

ನಾನು ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದೆ. ಗಂಟು, ಗುಳಿಗೆ, ಫೋನು, ಬೆಲ್ಲ, ಏನೂ ಬಿಡಲಿಲ್ಲ. ಗೈಡ್ ಸರ್ ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ಅವರ ದನಿ ಎಂದಿನಂತೆ ಮೃದುವಾಗಿಯೇ ಇತ್ತು.

"ಇದನ್ನ ಇಟ್ರ ಎಲ್ಲಾ ಕೆಡ್ತದ. ಎರಡೂ ಓಣಿ ಬೆರತಾವ ಅಂತ ನೀವ ಬರ್ಕೊಟ್ಟಂಗಾತು. ಆ ಹೆಣ್ಣುಮಗಳು ಊರು ಬಿಟ್ಟು ಹೋದ್ಲು ಅಂತ ಬರ್ದುಬಿಡ್ರಿ. ಇಂಥಾವು ಎಲ್ಲಾ ಸಂಶೋಧನಾದಾಗೂ ಇರ್ತಾವ. ಮಧ್ಯದಾಗ ಮಂದಿ ಬಿಟ್ಟು ಹೋಗ್ತಾರ, ಯಾರೂ ಕೇಳಂಗಿಲ್ಲ."

"ಆಕಿ ಹೋಗಿಲ್ಲಲ್ರಿ ಸರ್. ಅಲ್ಲೇ ಅದಾಳ."

"ಇದ್ರ ಇರ್ಲಿ. ಕಾಗದದಾಗ ಇರಬಾರದು ಅಷ್ಟ."

ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಹೆಂಗಸು ಸಾಯುವುದರಲ್ಲಿ ಉಳಿದಿದ್ದಾಳೆ, ಇವರಿಗೆ ಪದ್ಧತಿ ಉಳಿಯಬೇಕು. ಆಕೆಯನ್ನು ತೆಗೆದರೆ ಆಕೆಯೊಂದಿಗೆ ಆ ಗುಳಿಗೆಯ ಗಂಟೂ ಹೋಗುತ್ತದೆ. ಇನ್ನೊಂದು ಊರಲ್ಲಿ ಇನ್ನೊಬ್ಬ ಬೀಗತಿ ಅದನ್ನೇ ನುಂಗುತ್ತಾಳೆ, ಅಲ್ಲಿಯ ನರ್ಸಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರುವುದಿಲ್ಲ. ನಾನು ಅಷ್ಟನ್ನೂ ಹೇಳಿದೆ. ಅವರು, "ಸಂಶೋಧನಾ ಸಮಿತಿ ಮುಂದ ಹೇಳ್ರಿ," ಎಂದರು.

ಮನೆಗೆ ಹೋಗಿ ಗಂಡನ ಮುಂದೆ ಕೂಗಾಡಿದೆ. ಅವರು ಪೇಪರು ಮಡಿಚಿಟ್ಟು, "ನೀ ಬರಿಯಂಗಿಲ್ಲ ಅಂತ ನನಗ ಗೊತ್ತೈತಿ. ಚಹಾ ಮಾಡ್ಲೇನು?" ಎಂದರು. ಮಾಡಿಯೂ ಕೊಟ್ಟರು. ಸಮಿತಿಯ ಹಿಂದಿನ ದಿನ ಬೀಗತಿಗೆ ಫೋನ್ ಹಚ್ಚಿ, ದೊಡ್ಡವರ ಮುಂದೆ ನಿಮ್ಮೊಡನೆ ಮಾತನಾಡಲೇ ಎಂದು ಕೇಳಿದೆ. "ಹಚ್ರಿ. ನಾ ಏನು ಕದ್ದೇನೇನು?" ಎಂದಳು.

ಸಮಿತಿಯಲ್ಲಿ ಗೈಡ್ ಸರ್ ಇದ್ದರು, ಮೊದಲು ಚಹಾ ಕುಡಿಯುತ್ತ ನಕ್ಕ ಆ ಹಿರಿಯ ಡಾಕ್ಟರು ಇದ್ದರು, ಇನ್ನು ಕೆಲವರು ಮಾತಾಡದವರು. ಡಾಕ್ಟರು ನನ್ನ ವರದಿಯ ಮೇಲೆ ಬೆರಳಿಟ್ಟರು.

"ಯಾವ ಗುಳಿಗೀನೂ ತಗೋಬ್ಯಾಡ್ರಿ ಅಂತ ಫೋನಿನ್ಯಾಗ ಹೇಳೀರಿ. ರೋಗಿ ಗುಳಿಗಿ ನಿಲ್ಲಸಾಕ ನೀವ್ಯಾರು? ಅದು ಡಾಕ್ಟರ್ ಕೆಲಸ."

"ಆ ಹೊಸ ಗುಳಿಗಿ ಅಕಿಗೆ ಯಾವ ಡಾಕ್ಟರೂ ಬರದು ಕೊಟ್ಟಿದ್ದಿಲ್ರಿ. ಯಾರೂ ಬರೀಲಾರದ್ದನ್ನ ನಿಲ್ಲಸಾಕ ಯಾರ ಅಪ್ಪಣಿ ಕೇಳ್ಲಿ?"

"ಇಷ್ಟೆಲ್ಲಾ ಆದದ್ದ ನಿಮ್ಮ ಫೋನಿಂದ. ಫೋನ್ ಇರಲಿಲ್ಲಂದ್ರ ಆ ಮ್ಯಾಲಿನ ಓಣಿ ಮುದುಕಿ ಗುಳಿಗಿ ಬದಲಾಗತಿದ್ದಿಲ್ಲ, ಹಂಚತಿದ್ದಿಲ್ಲ."

"ಖರೇರಿ," ಎಂದೆ. "ಅದನ್ನೂ ಬರದೇನಿ, ನೋಡ್ರಿ. ಫೋನ್ ಇರಲಿಲ್ಲಂದ್ರ ಬೀಗತಿ ಉಳೀತಿದ್ದಿಲ್ಲ, ಅದೂ ಖರೆ. ಎರಡೂ ಇರ್ಲಿ. ನನಗ ಛಲೋ ಕಾಣೂದಷ್ಟ ಇಟ್ಟು ಉಳಿದದ್ದು ತೆಗೆಯಾಕ ನಾ ತಯಾರಿಲ್ಲ."

ಗೈಡ್ ಸರ್ ಕೈ ಮುಗಿಯುವಂತೆ ಮಾಡಿ, "ವಾದ ಯಾಕ? ಆಕಿ ಊರು ಬಿಟ್ಲು ಅಂತ ಒಂದ ಸಾಲು ಬರದ್ರ ಎಲ್ಲಾರಿಗೂ ಸುಗಮ," ಎಂದರು.

ನಾನು ಚೀಲದಿಂದ ಫೋನು ತೆಗೆದು ಬೀಗತಿಗೆ ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟೆ. ಬೀಗತಿಯ ಒಪ್ಪಿಗೆ ಇದೆ ಎಂದು ಹೇಳಿದೆ. ಯಾರೂ ಬೇಡ ಎನ್ನುವ ಮೊದಲೇ ಆಕೆ ಎತ್ತಿದಳು.

"ಬೀಗತಿಯವರ, ಆರಾಮರಿ? ಒಂದ ಮಾತು ಕೇಳೂದಿತ್ತು. ನೀವು ಊರು ಬಿಟ್ಟೀರೇನ್ರಿ?"

"ಊರಾ? ನಾ ಯಾಕ ಬಿಡ್ಲಿ? ಯಾವ ಭಾಡ್ಯಾ ಹೇಳಿದಾ ಹಂಗಂತ?"

ಮಾತಾಡದವರಲ್ಲಿ ಒಬ್ಬರು ಕರವಸ್ತ್ರ ಬಾಯಿಗೆ ಹಿಡಿದರು. ಗೈಡ್ ಸರ್ ಕಿಟಕಿಯ ಕಡೆ ನೋಡತೊಡಗಿದರು. ಹಿರಿಯ ಡಾಕ್ಟರು ಮಾತ್ರ ಫೋನಿಗೆ ಬಾಗಿ ತಾವೇ ಕೇಳಿದರು.

"ಯವ್ವಾ, ನಾ ಡಾಕ್ಟರ್ ಮಾತಾಡಾಕತ್ತೇನಿ. ನಿನ್ನವಲ್ಲದ ಗುಳಿಗಿ ಯಾಕ ನುಂಗಿದಿ?"

"ನಮಸ್ಕಾರ್ರಿ ಸಾಹೇಬ್ರ. ಬೀಗರ ತಾಟಿನ್ಯಾಗ ಬಂದದ್ದನ್ನ ತೆಗದಿಟ್ರ ಸೊಸಿ ಮಾರಿ ಹೆಂಗ ನೋಡ್ಲಿರಿ? ತಪ್ಪಾತು, ಬಾಯಾರು ಬೈದ್ರು, ಇನ್ನ ತಗೊಳ್ಳೂದಿಲ್ಲ. ಆದ್ರ ಸಾಹೇಬ್ರ, ನನ್ನ ಯಾರೂ ಕೇಳಲಿಲ್ರಿ. ದವಾಖಾನ್ಯಾಗ ಗುಳಿಗಿ ತಗೊಂಡ್ಯೇನು ಅಂತ ಕೇಳ್ತಾರ, ತಗೊಂಡೇನಿ ಅಂತೇನಿ. ಯಾರ ಗುಳಿಗಿ ತಗೊಂಡಿ ಅಂತ ಎಂದೂ ಕೇಳಿಲ್ಲ."

ಹಿಂದಿನಿಂದ ಅವ್ವನ ದನಿ ಬಂತು. "ಹೌದ್ರಿ, ನನ್ನೂ ಕೇಳಿಲ್ಲ." ಎರಡೂ ಓಣಿ ಬೆರೆತದ್ದಕ್ಕೆ ಇನ್ನೇನು ಪುರಾವೆ ಬೇಕಿತ್ತು.

ಇದಾದ ಮೇಲೆ ಅವರೆಲ್ಲ ಎದ್ದು ನನ್ನ ಕೈ ಕುಲುಕಿದರು ಎಂದೇನೂ ತಿಳಿಯಬೇಡಿ. "ಇದು ಸಂಶೋಧನಾ ಅಲ್ರಿ, ಓಣಿ ಪಂಚಾಯ್ತಿ," ಎಂದರು ಡಾಕ್ಟರು. ನನ್ನ ಮುಂದೆ ಎರಡು ದಾರಿ ಇಟ್ಟರು. ಆ ಸಾಲು ಬರೆದು ಈ ವರ್ಷವೇ ಮುಗಿಸಬಹುದು. ಇಲ್ಲವೇ ಬೇರೆ ಊರು ಹಿಡಿದು ಮೊದಲಿನಿಂದ ಶುರು ಮಾಡಬೇಕು. ಮೊದಲಿನಿಂದ ಮಾಡುತ್ತೇನೆ ಎಂದು ಅಲ್ಲೇ ಹೇಳಿ ಫೋನು ಎತ್ತಿಕೊಂಡು ಬಂದೆ. ಗೈಡ್ ಸರ್ ನನ್ನನ್ನು ಬಿಟ್ಟರು, ಅದನ್ನೂ ಮೃದುವಾಗಿಯೇ ಮಾಡಿದರು. ಇನ್ನೊಬ್ಬ ಗೈಡ್ ಸಿಗುವವರೆಗೆ ಕಾಲೇಜಿನ ಕಾರಿಡಾರಿನಲ್ಲಿ ನನ್ನನ್ನು ನೋಡಿ ಜನ ದಾರಿ ಬದಲಿಸುತ್ತಿದ್ದರು. ನನಗಿಂತ ಎಷ್ಟೋ ಚಿಕ್ಕವರು ಮುಂದೆ ಹೋಗಿ ಹಾರ ಹಾಕಿಸಿಕೊಂಡರು. ಪೇಢೆ ನಾನೂ ತಿಂದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಅದೂ ಒಂದು ಸುಳ್ಳು ಸಾಲಾದೀತು.

ಕೊನೆಗೆ ಸಿಕ್ಕ ಗೈಡ್ ತಾವೇ ವಾರ್ಡಿನಿಂದ ಬಂದ ನರ್ಸು. ನನ್ನ ಹಳೆಯ ವರದಿ ಓದಿ, "ಇದನ್ನ ಯಾಕ ಮುಚ್ಚಿಡಬೇಕು? ಮೊದಲನೇ ಅಧ್ಯಾಯ ಇದ," ಎಂದರು. ಹೊಸ ಪದ್ಧತಿಯಲ್ಲಿ ಓಣಿಗಳನ್ನು ಸೀಳಲಿಲ್ಲ. ಒಂದು ಊರಿಗೆ ಊರೇ ಫೋನು, ದೂರದ ಇನ್ನೊಂದು ಊರಿಗೆ ಮುಂದಿನ ವರ್ಷ. ಕೇಳುವ ಪ್ರಶ್ನೆಗಳೊಳಗೆ ಒಂದನ್ನು ನಾನೇ ಸೇರಿಸಿದೆ. ಅವ್ವ ಮತ್ತು ಬೀಗತಿಗೆ ಸಂಶೋಧನೆಯ ಹೊರಗೆ ಈಗಲೂ ಫೋನ್ ಮಾಡುತ್ತೇನೆ. ಅವರು ಸ್ಪೀಕರಿಗೆ ಹಾಕುತ್ತಾರೆ, ನಾನು ಬೇಡ ಎನ್ನುವುದಿಲ್ಲ.

ಹೊಸ ಊರು ಧಾರವಾಡದ ಆಚೆ. ಮೊದಲ ದಿನದ ಮೊದಲ ಫೋನಿಗೆ ಸಿಕ್ಕವಳು ಬಿಪಿ ಇದ್ದ ಒಬ್ಬ ಹೆಂಗಸು, ನಗುನಗುತ್ತ ಮಾತನಾಡುವವಳು. ಆರಾಮರಿ ಎಂದದ್ದಾಯಿತು, ಮಳೆಯ ವಿಚಾರವಾಯಿತು, ಗುಳಿಗೆ ತಪ್ಪದೆ ತೆಗೆದುಕೊಂಡೆ ಎಂದದ್ದೂ ಆಯಿತು. ಆಮೇಲೆ ನನ್ನ ಪ್ರಶ್ನೆ ಕೇಳಿದೆ.

"ನಿಮ್ಮ ಗುಳಿಗಿ ಯಾರಿಗರೆ ಕೊಟ್ಟೀರೇನ್ರಿ? ಇಲ್ಲಾ ಯಾರರೆ ಕೊಟ್ಟದ್ದನ್ನ ನೀವು ತಗೊಂಡೀರೇನ್ರಿ?"

ನಗು ನಿಂತಿತು. ಆಕೆ ದನಿ ಇಳಿಸಿ ಕೇಳಿದಳು.

"ಅಕ್ಕನ ಮನಿಯಿಂದ ತರಸ್ತೇನ್ರಿ. ಈ ಮಾತು ನಿಮಗ ಹೆಂಗ ಗೊತ್ತಾತ್ರಿ?"

"ನಿಮ್ಮಂಗ ಒಬ್ಬಾಕಿ ಅದಾಳ್ರಿ," ಎಂದೆ. "ಅಕಿ ಊರು ಬಿಟ್ಟು ಹೋದ್ಲು ಅಂತ ಬರೀರಿ ಅಂದ್ರು ನನಗ. ಅಕಿ ಹೋಗಿರಲಿಲ್ಲ."